ಮೈಕ್‌ಸೆಟ್ಟಿನವನ ನಾಲ್ಕು ಮಾತು

ಈ ಸಮಾರಂಭದ ಅಧ್ಯಕ್ಷತೆ ವಹಿಸಿರುವ, ನಮ್ಮ ಪಂಚಾಯಿತಿ ಅಧ್ಯಕ್ಷರಾದ ಶ್ರೀ ಚಿಕ್ಕಸ್ವಾಮಿಯವರೇ, ಮುಖ್ಯೋಪಾಧ್ಯಾಯಿನಿ ಇಂದಿರ ಮೇಡಂ ಅವರೇ, ವೇದಿಕೆಯ ಮೇಲೆ ಕುರ್ಚಿ ಸಿಕ್ಕಿರುವ ಗಣ್ಯರೇ, ಸಿಗದೆ ಮೆಟ್ಟಿಲ ಮೇಲೆ ನಿಂತಿರುವ ಗಣ್ಯರೇ, ಮುದ್ದು ಮಕ್ಕಳೇ, ಬಿಸಿಲಿಗೆ ಸೆರಗು ಹೊದ್ದು ಕೂತಿರುವ ತಾಯಂದಿರೇ, ಹಾಗೂ ಸಮಸ್ತ ಸಭಿಕರೇ,

ನಾನು ನಿಂಗರಾಜು. ಈ ಶಾಲೆಯ ಹಳೆಯ ವಿದ್ಯಾರ್ಥಿ, ಪಾಂಡವಪುರದ ಬಸ್‌ಸ್ಟ್ಯಾಂಡಿನ ಹಿಂದೆ ಮೈಕ್‌ಸೆಟ್ ಅಂಗಡಿ ಇಟ್ಟಿರುವವನು. ಮೂವತ್ತೆಂಟು ವರ್ಷದಿಂದ ಮೈಕಿನ ಹಿಂದೆ ಇದ್ದೇನೆ, ಮುಂದೆ ನಿಂತದ್ದು ಇವತ್ತೇ. ನನ್ನ ಬಾಯಲ್ಲಿ ಇಂಥ ಕನ್ನಡ ಬರುತ್ತಿರುವುದು ಕಂಡು ಊರಿನವರು ಮೂಗಿನ ಮೇಲೆ ಬೆರಳಿಟ್ಟುಕೊಂಡಿದ್ದಾರೆ. ಇದು ನನ್ನ ವಿದ್ಯೆಯಲ್ಲ. ಪಾಲಹಳ್ಳಿಯಿಂದ ಹೇಮಗಿರಿವರೆಗೆ, ನಾಗಮಂಗಲದಿಂದ ಗಂಜಾಂವರೆಗೆ ನಾನು ಕೇಳದ ಭಾಷಣ ಯಾವುದಿದೆ? ‘ಹೆಚ್ಚು ಹೊತ್ತು ಮಾತಾಡುವುದಿಲ್ಲ’ ಎಂದವರು ಒಂದೂವರೆ ಗಂಟೆ, ‘ಎರಡೇ ಮಾತು’ ಎಂದವರು ಎರಡು ಗಂಟೆ. ಕೇಳಿ ಕೇಳಿ ಅಂಟಿಕೊಂಡ ಭಾಷೆ ಇದು.

ಮೇಡಂ ನನಗೆ ಕೊಟ್ಟ ವಿಷಯ ‘ಬಾಲ್ಯದ ಆಸಕ್ತಿ ಮತ್ತು ವೃತ್ತಿಯ ಆಯ್ಕೆ’. ಇಂಥ ವಿಷಯಕ್ಕೆ ಡಾಕ್ಟರನ್ನೋ ತಹಸೀಲ್ದಾರರನ್ನೋ ಕರೆಯುವುದು ವಾಡಿಕೆ. ಡಾಕ್ಟರಾದವರು ಏನು ಹೇಳುತ್ತಾರೆ? ಚಿಕ್ಕಂದಿನಲ್ಲೇ ಬಡವರ ಸೇವೆಯ ಆಸೆಯಿತ್ತು ಎನ್ನುತ್ತಾರೆ. ಪಕ್ಕದ ತೋಟದ ಸೀಬೆಕಾಯಿಯ ಆಸೆ ಎಷ್ಟಿತ್ತು ಎಂದು ಹೇಳುವುದಿಲ್ಲ. ನಮ್ಮ ಅಧ್ಯಕ್ಷರನ್ನೇ ತೆಗೆದುಕೊಳ್ಳಿ. ನಾವಿಬ್ಬರೂ ಒಂದೇ ಬೆಂಚು. ಗೋಲಿ ಆಟದಲ್ಲಿ ಯಾರು ಗೆಲ್ಲಲಿ, ಯಾರು ಸೋಲಲಿ, ಆಟ ಮುಗಿಯುವ ಹೊತ್ತಿಗೆ ಗೋಲಿಗಳೆಲ್ಲ ಅವರ ಚಡ್ಡಿ ಜೇಬಿನಲ್ಲೇ ಇರುತ್ತಿದ್ದವು. ಬಾಲ್ಯದ ಆಸಕ್ತಿ ಮನುಷ್ಯನನ್ನು ರೂಪಿಸುತ್ತದೆ ಎನ್ನಲು ಇನ್ನೇನು ಸಾಕ್ಷಿ ಬೇಕು? ಅಧ್ಯಕ್ಷರು ನಗುತ್ತಿದ್ದಾರೆ. ಸಂತೋಷ.

ನನ್ನ ಆಸಕ್ತಿ ಹುಟ್ಟಿದ್ದು ಒಂದು ಮದುವೆ ಮನೆಯಲ್ಲಿ. ಹುಣಸೆಮರಕ್ಕೆ ಹಾರ್ನು ಕಟ್ಟಿದ್ದವರು ಮೈಕ್‌ಸೆಟ್ ಕುಳ್ಳಯ್ಯನವರು. ನಾನು ನಾಲೆಗೆ ಈಜಲು ಹೋಗಿದ್ದೆ. ಊಟಕ್ಕೆ ಪಂಕ್ತಿ ಕೂತರೂ ನಾನಿಲ್ಲ. ನಮ್ಮವ್ವ ಎಂಥವಳು ಗೊತ್ತೇ? ಅಪ್ಪನ ಎದುರು ಸೆರಗಿನೊಳಗೇ ಮಾತಾಡುವವಳು. ಅವಳ ದನಿ ಹೇಗಿದೆಯೆಂದು ಪಕ್ಕದ ಮನೆಯವರಿಗೂ ಗೊತ್ತಿರಲಿಲ್ಲ. ಕುಳ್ಳಯ್ಯನವರು ಅವಳ ಕೈಗೆ ಮೈಕು ಕೊಟ್ಟು, ‘ಕೂಗವ್ವ, ಎದ್ರುಕೋಬ್ಯಾಡ’ ಅಂದರಂತೆ. ‘ಲೇ ನಿಂಗ, ಎಲೆ ಆಕವ್ರೆ, ಬಾರ್ಲಾ ಮಗ!’ ನೀರಿನಲ್ಲಿದ್ದ ನನಗೆ ಕೇಳಿತು. ಆಚೆ ಗದ್ದೆಯಲ್ಲಿದ್ದವರಿಗೂ ಕೇಳಿತು. ನಾನು ಓಡಿಬಂದು ನೋಡಿದರೆ ಅವ್ವ ಇನ್ನೂ ಮೈಕು ಹಿಡಿದುಕೊಂಡೇ ನಿಂತಿದ್ದಳು, ಬಿಡಲು ಮನಸ್ಸಿಲ್ಲದೆ. ಮಾಡಿದರೆ ಈ ಕೆಲಸವನ್ನೇ ಮಾಡಬೇಕೆಂದು ಅವತ್ತೇ ನಿಶ್ಚಯ ಮಾಡಿಕೊಂಡೆ.

ಇಲ್ಲಿಗೆ ಮುಗಿಸಿದ್ದರೆ ಇದು ಒಳ್ಳೆಯ ಭಾಷಣ. ಚಪ್ಪಾಳೆಯೂ ಬೀಳುತ್ತಿತ್ತು. ಆದರೆ ಮಕ್ಕಳೇ, ಆಸಕ್ತಿಯೇ ಹೊಟ್ಟೆಪಾಡಾದ ಮೇಲೆ ಅದರ ಗತಿ ಏನಾಗುತ್ತದೆ ಎಂದೂ ಯಾರಾದರೂ ನಿಮಗೆ ಹೇಳಬೇಕಲ್ಲ.

ದನಿ ಹೆಚ್ಚಿಸುವ ಕೆಲಸ ಯಾರಿಗೆ ಬರುವುದಿಲ್ಲ? ನನಗೆ ಹೆಸರು ಬಂದದ್ದು ದನಿ ನಿಲ್ಲಿಸುವುದರಲ್ಲಿ. ಸಭೆಯಲ್ಲಿ ಯಾರಾದರೂ ಎದ್ದು ಬೇಡದ ಪ್ರಶ್ನೆ ಕೇಳಿದರೆ, ವೇದಿಕೆಯ ಮೇಲಿನ ದೊಡ್ಡವರು ಕನ್ನಡಕ ತೆಗೆದು ಒರೆಸುತ್ತಾರೆ, ಅದೇ ನನಗೆ ಸನ್ನೆ. ನಾನು ಸ್ವಿಚ್ಚು ಆರಿಸಿ, ವೈರು ಅಲ್ಲಾಡಿಸಿ, ‘ಲೂಜ್ ಕನೆಕ್ಷನ್ನು ಸಾರ್’ ಎಂದು ತಲೆ ಕೆರೆದುಕೊಳ್ಳುತ್ತೇನೆ. ಪ್ರಶ್ನೆ ಕೇಳಿದವರು ಕೂತ ಮೇಲೆ ಕನೆಕ್ಷನ್ನು ತಾನಾಗಿಯೇ ಸರಿಹೋಗುತ್ತದೆ. ಎಂಥ ಕಲೆ! ನಾಲ್ಕು ತಾಲ್ಲೂಕಿನ ಸಭೆಗಳು ನನ್ನ ಪಾಲಿಗೆ ಬಂದದ್ದು ಈ ಕಲೆಯಿಂದ. ಈ ಶಾಲು, ಈ ಹಣ್ಣಿನ ಬುಟ್ಟಿ, ಎಲ್ಲವೂ ಅದರದೇ ಪ್ರಸಾದ.

ಎರಡು ವರ್ಷದ ಹಿಂದೆ ಇದೇ ಊರಿನ ಗ್ರಾಮಸಭೆಯಲ್ಲಿ ಪುಟ್ಟತಾಯಮ್ಮನವರು ಎದ್ದು ನಿಂತರು. ಡೇರಿಗೆ ಹಾಲು ಹಾಕಿ, ಹೆತ್ತವರಿಲ್ಲದ ಮೊಮ್ಮಗಳನ್ನು ಸಾಕುತ್ತಿರುವವರು. ಮೊಮ್ಮಗಳು ಅರ್ಪಿತ ಆಗ ಈ ಶಾಲೆಯಲ್ಲೇ ಎಂಟನೇ ಕ್ಲಾಸು. ಸಂಜೆ ನಮ್ಮ ಮನೆ ಜಗುಲಿಗೆ ಬಂದು ಕೆಟ್ಟ ಆಂಪ್ಲಿಫೈಯರ್ ಬಿಚ್ಚಿ ಕೂರುತ್ತಿದ್ದಳು. ‘ದೊಡ್ಡಪ್ಪ, ಈ ವೈರು ಎಲ್ಲಿಗೋಯ್ತದೆ? ಇದ್ಯಾಕೆ ಬಿಸಿಯಾಯ್ತದೆ?’ ನನಗೆ ಗೊತ್ತಿಲ್ಲದ್ದನ್ನೇ ಹುಡುಕಿ ಹುಡುಕಿ ಕೇಳುತ್ತಿದ್ದಳು. ಮೇಡಂ, ನೀವು ಕೊಟ್ಟ ವಿಷಯಕ್ಕೆ ಉದಾಹರಣೆ ಬೇಕಿದ್ದರೆ ಅವಳು, ನಾನಲ್ಲ.

ಪುಟ್ಟತಾಯಮ್ಮನವರು ಮೈಕು ಹಿಡಿದು, ‘ಎಣ್ಮಕ್ಳಿಗೆ ಕಕ್ಕಸು ಕಟ್ತೀವಿ ಅಂದಿದ್ರಲ್ಲ, ಆ ಜಾಗ್ದಲ್ಲಿ…’ ಅಂದರು. ಅಧ್ಯಕ್ಷರ ಕನ್ನಡಕ ಕೆಳಗಿಳಿಯಿತು. ನಾನು ಸ್ವಿಚ್ಚು ಆರಿಸಿದೆ. ಅವರ ಬಾಯಿ ಆಡುತ್ತಲೇ ಇತ್ತು, ಗದ್ದಲದಲ್ಲಿ ಒಂದಕ್ಷರ ಕೇಳಲಿಲ್ಲ. ಕೊನೆಗೆ ಕೂತುಬಿಟ್ಟರು.

ಆ ಜಾಗ ಯಾವುದು ಗೊತ್ತೇ? ನಾನೀಗ ನಿಂತಿರುವುದು ಅಲ್ಲೇ. ಅಧ್ಯಕ್ಷರ ತಂದೆಯವರ ಸ್ಮರಣಾರ್ಥ ಎಂದು ಕಲ್ಲಿನಲ್ಲಿ ಕೆತ್ತಿಸಿರುವ ಈ ಭವ್ಯ ವೇದಿಕೆ ಅಲ್ಲೇ ಎದ್ದಿದೆ. ವರ್ಷಕ್ಕೆ ಒಂದು ದಿನ ಗಣ್ಯರು ಕೂರಲು ಜಾಗವಾಯಿತು. ಉಳಿದ ದಿನಗಳಲ್ಲಿ ಹೆಣ್ಣುಮಕ್ಕಳು ಎಲ್ಲಿಗೆ ಹೋಗಬೇಕು ಎನ್ನುವುದು ಕಾರ್ಯಕ್ರಮ ಪಟ್ಟಿಯಲ್ಲಿ ಇಲ್ಲ. ಅಧ್ಯಕ್ಷರು ಕನ್ನಡಕ ಒರೆಸುತ್ತಿದ್ದಾರೆ. ಒರೆಸಿಕೊಳ್ಳಿ ಸ್ವಾಮಿ. ಸ್ವಿಚ್ಚಿನ ಹತ್ತಿರ ಇರಬೇಕಾದವನಿಗೆ ನೀವೇ ಶಾಲು ಹೊದಿಸಿ ಇಲ್ಲಿ ನಿಲ್ಲಿಸಿದ್ದೀರಿ.

ಅರ್ಪಿತ ಒಂಬತ್ತನೇ ಕ್ಲಾಸಿಗೆ ಬಂದಳು, ದೊಡ್ಡವಳಾದಳು. ಬೆಳಗಿನಿಂದ ಸಂಜೆವರೆಗೆ ನೀರು ಕುಡಿಯದೆ ಕೂತು ಕೂತು ಕಾಯಿಲೆ ಬಿದ್ದಳು. ಆಮೇಲೆ ಶಾಲೆ ಬಿಟ್ಟಳು. ಈಗ ಅಜ್ಜಿಯ ಜೊತೆ ಹಸು ನೋಡಿಕೊಳ್ಳುತ್ತಾಳೆ. ಹೋದ ವಾರ ಜಗುಲಿಯ ಮೇಲೆ ಕೆಟ್ಟ ಪೆಟ್ಟಿಗೆ ಇಟ್ಟು ಅವಳನ್ನು ಕರೆದೆ. ‘ಬ್ಯಾಡ ಬುಡಿ ದೊಡ್ಡಪ್ಪ, ಇನ್ಯಾಕೆ’ ಅಂದು ಹುಲ್ಲಿನ ಹೊರೆ ಎತ್ತಿಕೊಂಡು ಹೋದಳು. ಹದಿನಾರು ವರ್ಷದ ಮಗು ‘ಇನ್ಯಾಕೆ’ ಅನ್ನಬಹುದೇ? ನನಗೆ ನಾಚಿಕೆಯಾಯಿತು. ಇದನ್ನೆಲ್ಲ ಹೇಳಬೇಕೆಂದು ನಾನು ಇವತ್ತು ಬಂದವನಲ್ಲ. ಗೋಲಿ ಕತೆ ಹೇಳಿ, ನಗಿಸಿ ಇಳಿದುಬಿಡೋಣ ಅಂತಿದ್ದೆ.

ಪುಟ್ಟತಾಯಮ್ಮನವರು ಕೊನೇ ಸಾಲಿನಲ್ಲಿ ಬೇವಿನ ಮರದ ಕೆಳಗೆ ಕೂತಿದ್ದಾರೆ. ಪಕ್ಕದಲ್ಲಿ ಅರ್ಪಿತಳೂ ಇದ್ದಾಳೆ. ಶಾಲು ಹೊದಿಸಿದವರಿಗೆ, ಹಣ್ಣು ಕೊಟ್ಟವರಿಗೆ, ಇಷ್ಟು ಹೊತ್ತು ಸಹಿಸಿಕೊಂಡು ಕೇಳಿದ ನಿಮ್ಮೆಲ್ಲರಿಗೆ ನನ್ನ ಧನ್ಯವಾದ. ಈಗ ಕೆಳಗಿಳಿದು ಈ ಮೈಕನ್ನು ಪುಟ್ಟತಾಯಮ್ಮನವರ ಕೈಗೆ ಕೊಡುತ್ತೇನೆ. ಅವರ ಮಾತು ಮುಗಿಯುವವರೆಗೆ ನಾನು ಸ್ವಿಚ್ಚಿನ ಪಕ್ಕದಲ್ಲೇ ನಿಂತಿರುತ್ತೇನೆ, ಕೈ ಕಟ್ಟಿಕೊಂಡು. ಪುಟ್ಟತಾಯಮ್ಮನೋರೆ, ನನ್ನಿಂದ ಎರಡು ವರ್ಷ ತಡವಾಯಿತು. ಅವತ್ತಿನ ಆ ಪ್ರಶ್ನೆ ಈಗ ಕೇಳಿ. ಎಲ್ಲರಿಗೂ ನಮಸ್ಕಾರ.