ಓಣಿಯ ಕೊನೀ ಬಾಗಿಲು

ಮೊದಲ ಆ ಕಿಟಕಿ ಕೊಂಡಿ ಹಾಕಿ ಬರ್ರಿ. ಗಾಳಿಗೆ ಬಡ್ಕೊಳ್ಳಾಕತ್ತದ... ಬಡಿಯೋ ಸಪ್ಪಳ ಇದ್ರ ಈ ಮಾತು ನನ್ನ ಬಾಯಿಂದ ಬರಂಗಿಲ್ಲ.

ಇದು ನಮ್ಮ ಕಾಕಾನ ಮಗ ಅಂಬರೀಷಗ ಆಗಿದ್ದು. ನಾ ಹುಮನಾಬಾದ ಮಗ್ಗಲ ಮಾಣಿಕನಗರದಾಗ ಮಠದ ಮುಂದ ತೆಂಗಿನಕಾಯಿ ಮಾರಾಂವ. ಅವ ಹೈವೇ ಮ್ಯಾಲ ಪಂಕ್ಚರ್ ಅಂಗಡ್ಯಾಗ ದುಡಿಯಾಂವ. ಅವರ ಊರು ಹುಮನಾಬಾದದಿಂದ ಬಸವಕಲ್ಯಾಣದ ಕಡೆ ಹೋಗುವಾಗ ಹೈವೇ ಬಿಟ್ಟು ಒಳಗ ಅದ. ಹೆಸರು ಹೇಳಂಗಿಲ್ಲ. ಆ ಊರಿಗೆ ಹೆಣ್ಣು ಕೊಡಾಕ ಮಂದಿ ಈಗಾಗಲೇ ಹಿಂದಮುಂದ ನೋಡ್ತಾರ.

ಹೋದ ವರ್ಷ ಜೋಳ ತೆನಿಗೆ ಬಂದ ಟೈಮು. ಅಂಬರೀಷ ಕೆಲಸ ಮುಗಿಸಿ ರಾತ್ರಿ ತಡಾ ಮಾಡಿ ಹೈವೇದಿಂದ ಊರಿನ ದಾರಿ ಒಡಿಯೋ ಫಾಟಾದಾಗ ಇಳಿದ. ಅಲ್ಲಿಂದ ಊರಿಗೆ ನಡ್ಕೊಂತ ಹೋಗಬೇಕು. ದಾರ್ಯಾಗ ಒಂದು ಹಳೀ ಬಾವಿ, ಅದರ ಮ್ಯಾಲ ಬಾಗಿದ ಆಲದ ಗಿಡ. ಬಾವಿ ದಾಟೂ ಹೊತ್ತಿಗೆ ಊರಾಗಿಂದ ಸಪ್ಪಳ ಬಂತು.

ಧಪ್... ಧಪ್... ಧಪ್.

ಅಂಗೈಲೆ ಕಟಗಿ ಬಾಗಿಲು ಬಡದಂಗ. ಮುಷ್ಟಿಲೆ ಅಲ್ಲ, ಅಂಗೈಲೆ. ಆಮೇಲೆ ಸ್ವಲ್ಪ ಸುಮ್ಮ... ಮತ್ತ ಢಣ್... ಢಣ್. ಈ ಸಲ ತಗಡಿನ ಬಾಗಿಲು. ಅವನ ಓಣ್ಯಾಗ ತಗಡಿನ ಬಾಗಿಲು ಇದ್ದಿದ್ದು ಒಂದ, ಹಣಮಂತನ ಮನೀದು. ಅಂದ್ರ ಯಾರೋ ಮನಿಮನಿ ಬಡ್ಕೊಂತ ಹೊಂಟಾರ.

ಓಡಿ ಓಣಿ ಬಾಯಿಗೆ ಬಂದ. ಅಲ್ಲಿ ಗ್ವಾಡಿಗೆ ಒತ್ತಿ ಒಬ್ಬ ನಿಂತಿದ್ದ. ಕೊರಳಾಗ ಸೀಟಿ, ಕೈಯಾಗ ಬಡಿಗಿ. ಬ್ಯಾಟರಿ ಆರ್ಸಿದ್ದ. ನೋಡಿದ್ರ ಹಣಮಂತ. ಅವತ್ತು ರಾತ್ರಿ ಊರು ಕಾಯೋ ಗಸ್ತು ಅವನ ಪಾಳಿ.

"ಯಾರದು ಬಡ್ಯಾಕತ್ತಿದ್ದು?"

"ಹಗೂರ ಮಾತಾಡು."

"ನಿನ್ನ ಮನಿ ಬಾಗಿಲಾ ಬಡ್ಯಾಕತ್ತಾರಲ್ಲೋ!"

"ಗೊತ್ತದ." ಹಣಮಂತ ಬಡಿಗಿಲೆ ಓಣಿ ಕಡೆ ತೋರ್ಸಿದ. "ನೋಡು... ಯಾರರ ಕಾಣ್ತಾರೇನು?"

ಬೀದಿದೀಪ ಉರೀಲಾಕತ್ತಿತ್ತು. ಓಣಿ ಈ ತುದಿಯಿಂದ ಆ ತುದಿ ತನಕ ಖಾಲಿ. ಒಂದು ನಾಯಿ ಮಾತ್ರ ಬಾಲ ಒಳಗ ಮಾಡ್ಕೊಂಡು ಕಟ್ಟಿ ಬುಡಕ್ಕ ಸೇರಿತ್ತು. ಆದ್ರ ಸಪ್ಪಳ... ಧಪ್, ಧಪ್... ಮುಂದಿನ ಮನಿ. ಅದರ ಮುಂದಿನ ಮನಿ. ಕಡೀಕ ಓಣಿ ತುದ್ಯಾಗ ಉಗುರಲೆ ಕಟಗಿ ಕೆರದಂಗ... ಕರ್‍ರ್... ಅಷ್ಟ. ನಿಂತು ಹೋತು.

"ಎಷ್ಟ ದಿನಾ ಆತು?" ಬಾಳ ರಾತ್ರಿ ಅಂಗಡ್ಯಾಗ ಮಲಗತಿದ್ದ ಅಂಬರೀಷ ಕೇಳಿದ.

"ಎಲ್ಲಾರೂ ಕೇಳ್ಯಾರ. ಯಾರೂ ಹೇಳಂಗಿಲ್ಲ. ನೀನೂ ಹೇಳಬ್ಯಾಡ."

ಓಣಿ ತುದ್ಯಾಗ ಇದ್ದಿದ್ದು ಸತ್ಯಮ್ಮನ ಮನಿ.

ಸತ್ಯಮ್ಮ ಯಾರಂತ ಹೇಳ್ತೀನಿ. ಊರ ಸಾಲ್ಯಾಗ ಬಿಸಿಯೂಟ ಮಾಡಾಕಿ. ಗಂಡ ಬಿಟ್ಟು ಹೋಗಿದ್ದ, ಮಕ್ಕಳಿಲ್ಲ. ಅದರ ಹಿಂದಿನ ವರ್ಷ, ಪಂಚಮಿ ಮುಂದ, ಆಕಿ ಕಿವ್ಯಾಗಿನ ಬಂಗಾರಕ್ಕ ಕಳ್ಳರು ಮನೀಗೆ ನುಗ್ಗಿದ್ರು. ತಲೀಗೆ ಹೊಡದ್ರು. ಆಕಿ ಹ್ಯಾಂಗೋ ತಪ್ಪಿಸಿಕೊಂಡು ಓಣ್ಯಾಗ ಓಡಿದ್ಳು. ಒಂದೊಂದು ಬಾಗಿಲಾ ಬಡದ್ಳು. "ತೆಗೀರಿ ಯವ್ವಾ... ತೆಗೀರಿ ಯಪ್ಪಾ..." ಅಂದ್ಳು. ಕಳ್ಳರು ಇನ್ನಾ ಹೊರಗ ಇರಬಹುದು ಅಂತ ಯಾರೂ ತೆಗೀಲಿಲ್ಲ. ಬೆಳಗಾದಾಗ ತನ್ನ ಮನಿ ಹೊಸ್ತಿಲ ಮ್ಯಾಲ ಬಿದ್ದಿದ್ಳು. ಎಲ್ಲಾ ಮನಿ ತಿರಗಿ, ಕಡೀಕ ತನ್ನ ಮನಿ ಬಾಗಿಲಾ ತಾನ ಬಡದು ಸತ್ತಿದ್ಳು. ಪೊಲೀಸರು ಬಂದು ಕೇಳಿದ್ರ ಓಣಿಗೆ ಓಣಿನೇ ಒಂದ ಮಾತು ಹೇಳ್ತು... "ನಿದ್ದಿ ಹತ್ತಿತ್ರಿ."

ಕಳ್ಳರು ಸಿಗಲಿಲ್ಲ. ಆಕಿ ತಮ್ಮ ಉಮರಗಾದಿಂದ ಬಂದು ಮಣ್ಣು ಮಾಡಿ, ಮನೀಗೆ ಕೀಲಿ ಜಡದು, ಕೀಲಿಕೈ ತಗೊಂಡು ಹೋದ. ಹೊಳ್ಳಿ ಬರಲಿಲ್ಲ.

ಆಮೇಲೆ ಆ ಕಡೆ ಊರುಗಳಿಗೆ ಬೀಟ್ ಪೊಲೀಸ್ ಅಂತ ಬಕ್ಕಪ್ಪ ಬಂದ. ಹವಾಲ್ದಾರ. ವಯಸ್ಸಾದಾಂವ, ಮೊಣಕಾಲು ನೋವು, ಹಳೀ ಬೈಕು. ಆದ್ರ ಮನುಷ್ಯಾ ಚಲೋ. ಹಣಮಪ್ಪನ ಗುಡಿ ಕಟ್ಟಿ ಮ್ಯಾಲ ಮಂದೀನ್ನ ಕೂಡಿಸಿ ಗಸ್ತಿನ ಪಾಳಿ ಮಾಡಿದ. ಸೀಟಿ ಕೊಟ್ಟ. ಮೊಬೈಲಿನಾಗ ಗ್ರೂಪ್ ಮಾಡಿದ. "ಠಾಣೆ ದೂರ ಅದ. ನಾ ಬರೂ ತನಕ ನಿಮಗ ನೀವ ಪೊಲೀಸ್. ಒಂದ ಮಾತು ನೆಪ್ಪಿಡ್ರಿ. ಬಾಗಿಲು ಬಡದ್ರ ತೆಗೀರಿ," ಅಂದ. ಎಲ್ಲಾರೂ "ಹೌದ್ರಿ ಸಾಹೇಬ" ಅಂದ್ರು.

ನಾಕು ತಿಂಗಳು ಚಲೋ ನಡೀತು. ಬಾವಿಗಳ ಮೋಟಾರು ಕೇಬಲ್ ಕಳವು ನಿಂತಿತು. ಆಮೇಲೆ ಈ ಬಡಿಯೋ ಸಪ್ಪಳ ಶುರು ಆತು.

ಶುರು ಆದ ಮ್ಯಾಲ ಗಸ್ತಿಗೆ ಯಾರೂ ಬರದಂಗಾದ್ರು. ಒಬ್ಬಗ ಜ್ವರ. ಒಬ್ಬ ಬೀಗರ ಊರಿಗೆ ಹೋದ. ಒಬ್ಬ ಸೀಟಿ ಕಳದದ ಅಂದ. ಗ್ರೂಪಿನಾಗ ಬರೇ ಶುಭೋದಯದ ಹೂವಿನ ಚಿತ್ರ. ಓಣ್ಯಾಗ ಹೆಂಗಸರು ಮಾತಾಡಿಕೊಂಡ್ರು... ಊಟ ಆದ ಮ್ಯಾಲ ಯಾರು ಬಡದ್ರೂ ಬಾಗಿಲು ತೆಗೀಬಾರದು. ಹೆಸರು ಹಿಡದು ಕರದ್ರೂ ಓ ಅನಬಾರದು. ಸತ್ಯಮ್ಮಗ ಎಲ್ಲಾರ ಹೆಸರೂ ಗೊತ್ತವ, ಎಲ್ಲಾರ ದನಿಯೂ ಬರ್ತದ ಅಂತ.

ಅಂಬರೀಷ ತಡೀಲಾರದ ಬಕ್ಕಪ್ಪಗ ಫೋನ್ ಮಾಡಿ ಹೇಳಿದ. ಬಕ್ಕಪ್ಪ ನಗಲಿಲ್ಲ.

"ದೆವ್ವ ಇರಲಿ, ಮನುಷ್ಯಾ ಇರಲಿ... ಬಡ್ಯಾಕತ್ತದ ಅಂದ್ರ ಏನೋ ತ್ರಾಸು ಅದ. ತೆಗದು ನೋಡಬೇಕಲ್ಲಪ್ಪಾ?"

"ಯಾರ ತೆಗೀತಾರ್‍ರಿ?"

"ನಾ ಬಂದು ಒಂದ ರಾತ್ರಿ ಕೂಡ್ತೀನಿ. ನಾ ತೆಗೀತೀನಿ."

ಬರ್ತೀನಿ ಬರ್ತೀನಿ ಅಂತ ದಿನಾ ಹೋದವು. ಒಂದ ಊರಾಗ ಜಾತ್ರಿ ಬಂದೋಬಸ್ತ್, ಒಂದ ಊರಾಗ ಹೊಲದ ಬಡದಾಟ. ಎಲ್ಲಾದಕ್ಕೂ ಅವ ಒಬ್ಬನ.

ಆ ರಾತ್ರಿ ಅಮವಾಸಿ ಏನಲ್ಲ. ಸಾದಾ ದಿನಾ. ಅಂಬರೀಷ ಉಂಡು ಮಲಗಿದ್ದ. ಮಗ್ಗಲದಾಗ ಅವನವ್ವ ಶೇವಂತಾಬಾಯಿ, ನಮ್ಮ ಕಾಕು, ಮಲಗಿದ್ಳು. ನಡುರಾತ್ರ್ಯಾಗ ಎಚ್ಚರ ಆತು.

ಧಪ್... ಧಪ್.

ಓಣಿ ಬಾಯಾಗಿನ ಮೊದಲನೇ ಮನಿ. ಆಮೇಲೆ ಎರಡನೇದು. ಆಮೇಲೆ ಢಣ್... ಹಣಮಂತನ ತಗಡು. ಅಂಬರೀಷ ಹಾಸಿಗ್ಯಾಗ ಎದ್ದು ಕುಂತ. ದಿನದಂಗ ಇರಲಿಲ್ಲ. ಬಡಿಯೋದರ ನಡುಕ ಇನ್ನೊಂದು ಸಪ್ಪಳ ಇತ್ತು... ಸರ್‍ರ್... ಠಪ್. ಸರ್‍ರ್... ಠಪ್. ಒಂದ ಕಾಲು ಎಳಕೊಂತ ನಡದಂಗ.

"ಅವ್ವಾ... ಬೂಟಿನ ಸಪ್ಪಳ."

"ಮಕ್ಕೋ. ಕಣ್ಣು ಮುಚ್ಚು."

"ಸತ್ಯಮ್ಮವ್ವ ಬೂಟ್ ಹಾಕಂಗಿಲ್ಲ ಅವ್ವಾ."

"ದೆವ್ವಕ್ಕ ಬೂಟು ಸಿಗಂಗಿಲ್ಲೇನು? ಮಕ್ಕೋ ಅಂದೆ."

ಅವರ ಬಾಗಿಲಿಗೇ ಬಂತು. ಧಪ್. ಒಂದ ಸಲ. ಚಿಲಕ ನಡುಗಿ ಝಣ್ ಅಂತು. ಬಾಗಿಲ ಸಂದ್ಯಾಗಿಂದ ಉಸರು ಕೇಳ್ತಿತ್ತು... ಹ್ಹ... ಹ್ಹ... ಗೊರ ಗೊರ ಅಂತ, ಗಂಟಲಾಗ ನೀರು ನಿಂತಂಗ.

"ಅಂಬರೀಷ... ನಾನಪ್ಪಾ... ಬಕ್ಕಪ್ಪ."

ಅಂಬರೀಷ ಏಳಾಕ ಹೋದ. ಶೇವಂತಾಬಾಯಿ ಎರಡೂ ಕೈಲೆ ಅವನ ರಟ್ಟಿ ಹಿಡದ್ಳು. ಬಾಯಿ ಕಿವೀಗೆ ಹಚ್ಚಿ, "ಅದಕ್ಕ ಹೆಸರು ಗೊತ್ತದ ಅಂತ ಹೇಳಿಲ್ಲೇನು? ನನಗ ನೀ ಒಬ್ಬನ ಅದೀ," ಅಂದ್ಳು. ಆಕಿ ಉಗುರು ಅವನ ರಟ್ಟ್ಯಾಗ ಇಳದಿದ್ದವು.

"ಸ್ವಲ್ಪ... ನೀರು..." ಅಂತು ಹೊರಗಿನ ದನಿ.

ಅಂಬರೀಷ ಮಿಸುಕಲಿಲ್ಲ. ನನ್ನ ಮುಂದ ಹೇಳುವಾಗ ಅತ್ತ. "ಅವ್ವ ಹಿಡದಿದ್ಳು ಅಂತಲ್ಲ ಅಣ್ಣಾ... ನನಗೂ ತೆಗೀಲಾಕ ಧೈರ್ಯ ಇರಲಿಲ್ಲ," ಅಂದ.

ಬೂಟು ಮುಂದ ಹೋತು. ಸರ್‍ರ್... ಠಪ್. ಇನ್ನೊಂದ ಬಾಗಿಲು. ಇನ್ನೊಂದ. ಒಂದ ಸಲ ಸೀಟಿ ಊದಾಕ ನೋಡಿತು... ಪೀಂ ಅನ್ನಲಿಲ್ಲ, ಬರೇ ಗಾಳಿ. ಎಲ್ಲಾ ಮನ್ಯಾಗ ಮಂದಿ ಎಚ್ಚರ ಇದ್ರು. ಒಂದ ಮನ್ಯಾಗ ಕೂಸು ಅಳಾಕ ಶುರು ಮಾಡಿ ಗಪ್ಪನೆ ನಿಂತಿತು. ಯಾರೋ ಅದರ ಬಾಯಿ ಮುಚ್ಚಿದ್ರು.

ಆಮೇಲೆ... ಓಣಿ ಆ ತುದ್ಯಾಗ... ಒಂದು ಬಾಗಿಲು ತೆಗದ ಸಪ್ಪಳ ಬಂತು.

ಕಿರ್‍ರ್...

ಹೆಣ್ಣಿನ ದನಿ. ಹಗೂರ. "ಬಾ ಒಳಗ," ಅಂತು.

ಮತ್ತ ಬಾಗಿಲು ಮುಚ್ಚಿತು. ಅಂಬರೀಷಗ ಎದಿ ಹಗರ ಆತಂತ. ಅಂದ್ರ ದೆವ್ವ ಅಲ್ಲ, ಖರೇನ ಸಾಹೇಬ್ರ. ಯಾರೋ ಪುಣ್ಯಾತಗಿತ್ತಿ ಬಾಗಿಲು ತೆಗದ್ಳು ಅಂತ ಅಂದ್ಕೊಂಡು ಹಂಗ ಅಡ್ಡಾದ. ನಿದ್ದಿನೂ ಹತ್ತಿತು.

ಬೆಳಗ್ಗೆ ಎದ್ದು ನೋಡಿದ್ರ ಒಂದೊಂದ ಬಾಗಿಲ ಮ್ಯಾಲೂ ರಕ್ತದ ಅಂಗೈ. ಫಾಟಾದಾಗ ಬಕ್ಕಪ್ಪನ ಬೈಕು ಮುದ್ದಿ ಆಗಿ ಬಿದ್ದಿತ್ತು. ಯಾವದೋ ಗಾಡಿ ಹೊಡದು ನಿಲ್ಲದ ಹೋಗಿತ್ತು. ಮೊಬೈಲು ಚೂರಾಗಿತ್ತು. ಹೈವೇದಾಗ ಕೈ ಮಾಡಿರಬೇಕು, ಯಾರೂ ನಿಲ್ಲಿಸಿಲ್ಲ. ಬಾವಿ ದಾಟಿ ಕಾಲು ಎಳಕೊಂಡು ಊರಿಗೆ ಬಂದಾನ. ಕೊಟ್ಟ ಮಾತಿನಂಗ ಅವತ್ತ ರಾತ್ರಿ ಕೂಡಾಕ ಹೊಂಟಿದ್ದನಂತ.

ರಕ್ತದ ಹನಿ ಹಿಡದು ಹೋದ್ರ ಸತ್ಯಮ್ಮನ ಬಾಗಿಲಿಗೆ ಮುಟ್ಟಿತು. ಕೀಲಿ ಹಾಕಿದ್ದು ಹಾಕಿದಂಗ. ತುಕ್ಕು ಹಿಡದು ಚಿಲಕಕ್ಕ ಅಂಟಿತ್ತು. ಹನಿ ಹೊಸ್ತಿಲ ದಾಟಿ ಬಾಗಿಲ ಕೆಳಗಿಂದ ಒಳಗ ಹೋಗಿತ್ತು. ಹಣಮಂತ ಸುತ್ತಿಗಿ ತಂದು ಕೀಲಿ ಒಡದ.

ಬಕ್ಕಪ್ಪ ಒಳಗ ಚಾಪಿ ಮ್ಯಾಲ ಅಂಗಾತ ಮಲಗಿದ್ದ. ಬೂಟು ಬಿಚ್ಚಿ ಗ್ವಾಡಿ ಬಗಲಿಗೆ ಜೋಡಿಸಿ ಇಟ್ಟಿತ್ತು. ಉಸರು ಇನ್ನಾ ಸಣ್ಣಗ ಆಡ್ತಿತ್ತು.

ಹುಮನಾಬಾದಿಗೆ ಟಂಟಂ ಆಟೋದಾಗ ಹಾಕ್ಕೊಂಡು ಬಂದ್ರು. ಅಂಬರೀಷ ಫೋನ್ ಮಾಡಿದ, ನಾ ಅಂಗಡಿ ಬಿಟ್ಟು ದವಾಖಾನಿಗೆ ಓಡಿದೆ. ನಾ ಮುಟ್ಟೂ ಹೊತ್ತಿಗೆ ಹೋಗಿಬಿಟ್ಟಿದ್ದ. ಡಾಕ್ಟರ್ ಹೇಳಿದ್ರು, ರಾತ್ರಿನೇ ತಂದಿದ್ರ ಉಳೀತಿದ್ರು ಅಂತ.

ಠಾಣೆಯ ಫೌಜದಾರ ಸಾಹೇಬ್ರು ಊರಿಗೆ ಹೋಗಿ ಮನಿಮನಿ ಕೇಳಿದ್ರು. ಅದ ಉತ್ತರ... "ನಿದ್ದಿ ಹತ್ತಿತ್ರಿ." ಅಂಬರೀಷನೂ ಹಂಗ ಹೇಳಿದ. ಹೆಂಗಸರು ಅವತ್ತ ಸಂಜೀನ ನೀರು ಹಾಕಿ ಬಾಗಿಲು ತಿಕ್ಕಿ ತೊಳದ್ರು. ಬ್ಯಾರೆ ಬೀಟ್ ಪೊಲೀಸ್ ಬಂದಾನಂತ. ಹಗಲಿಗೆ ಬಂದು ಪಂಚಾಯ್ತಿ ಮುಂದ ಫೋಟೋ ತಗಸಿಕೊಂಡು ಹೋಗ್ತಾನ. ಗಸ್ತು ಇಲ್ಲ. ಕೇಬಲ್ ಮತ್ತ ಕಳವಾಗಾಕತ್ತಾವ. ರಾತ್ರಿ ಬಡಿಯೋ ಸಪ್ಪಳನೂ ಈಗಿಲ್ಲ. ಆ ಓಣ್ಯಾಗ ಬಡದು ಉಪಯೋಗಿಲ್ಲ ಅಂತ ಸತ್ತವರಿಗೂ ತಿಳದಂಗ ಅದ.

ನೀವು ನಂಬ್ರಿ, ಬಿಡ್ರಿ. ಹಳೀ ಕೀಲಿ, ಒಂದ ಸಲ ತೆರಕೊಂಡಿರಬೇಕು ಅಂದ್ರು ಪೊಲೀಸರು. ಅನ್ನಲಿ. ಆದ್ರ ದವಾಖಾನ್ಯಾಗ ನನ್ನ ಕಣ್ಣೆದುರಿಗೇ ನರ್ಸಬಾಯಿ ಅವನ ತಲೀಗೆ ಕಟ್ಟಿದ ಅರಿವಿ ಬಿಚ್ಚಿದ್ಳು. ಸೀರಿ ಸೆರಗು ಹರದು ಕಟ್ಟಿದ್ದು, ತೊಯ್ದಿತ್ತು. "ಚಲೋ ಕಟ್ಟ್ಯಾರ್‍ರಿ, ಯಾರು ಕಟ್ಟಿದ್ದು?" ಅಂತ ಕೇಳಿದ್ಳು. ಅಂಬರೀಷನೂ ಕಟ್ಟಿಲ್ಲ, ಹಣಮಂತನೂ ಕಟ್ಟಿಲ್ಲ. ಅರಿವಿ ಕೆಳಗ ಗಾಯಕ್ಕ ಅರಿಶಿಣ ಮೆತ್ತಿತ್ತು.

ಹಸಿ ಇತ್ತು ಇನ್ನಾ. ನಾನ ಮುಟ್ಟಿ ನೋಡೀನಿ.