ನೆಟ್ಟಗಿದ್ದ ಡಬ್ಬಿ

ನೆಟ್ಟಗೇ ಇತ್ತಮ್ಮಾ! ಎಷ್ಟು ಸಲ ಹೇಳ್ಲಿ? ನಿಮ್ಮಪ್ಪನ ಡಬ್ಬಿ ಆವತ್ತು ಸ್ಟೂಲಿನ ಮೇಲೆ ನೆಟ್ಟಗೇ ಇತ್ತು, ಮುಚ್ಚಳ ಹಾಕಿ. ಬೇಕಾದ್ರೆ ಆ ಕಂಡಕ್ಟರನ್ನ ಕೇಳು. ಊಟ ತಂದಿಟ್ಟವನೇ ಅವನು, ಕಣ್ಣಾರೆ ನೋಡಿದಾನೆ. ಏನು? ನಗರಸಭೆ ಆಫೀಸಲ್ಲೂ ಇದನ್ನೇ ಅಂದ್ರಾ? ಮತ್ತೆ! ಅವರು ಹೇಳಿದ ಮೇಲೂ ನನ್ನ ಹತ್ರ ಬಂದು... ಇರ್ಲಿ, ಇರ್ಲಿ. ಹೆತ್ತ ಅಪ್ಪ ಒಬ್ಬರೇ ಸತ್ತಿದಾರೆ, ಯಾಕೆ ಯಾರೂ ಬರ್ಲಿಲ್ಲ ಅಂತ ಮಗಳು ಕೇಳ್ದೆ ಇನ್ಯಾರು ಕೇಳ್ತಾರೆ? ಕೂತ್ಕೋ. ಪಕ್ಕದಲ್ಲಿ ಅಪ್ಪನ ಮನೆ ಸಾಮಾನು ಖಾಲಿ ಮಾಡಿ ಮೈಯೆಲ್ಲ ಧೂಳು ಮಾಡ್ಕೊಂಡಿದೀಯ. ಟೀ ಇಡ್ತೀನಿ. ಸಕ್ಕರೆ ಬೇಡ್ವಾ? ಅಪ್ಪನ ಹಾಗೇ ನೀನೂ.

ಏನು ನೋಡ್ತಿದೀಯ? ಓ... ಪಾತ್ರೆಗಳಾ? ಹೂಂ, ನಮ್ಮನೇಲಿ ಎಲ್ಲಾ ನೆಟ್ಟಗೇ ಇಡೋದು. ಲೋಟ, ಬೋಗುಣಿ, ಪಾತ್ರೆ, ಎಲ್ಲಾ. ತೊಳೆದು ಬೋರಲು ಹಾಕಲ್ಲ. ಬಟ್ಟೇಲಿ ಒರೆಸೋದು, ನೆಟ್ಟಗಿಡೋದು. ಯಾಕೆ ನಗ್ತೀಯ? ನನ್ನ ಸೊಸೆನೂ ನಗ್ತಾಳೆ, ಒಳಗೆ ಜಿರಲೆ ಸಂಸಾರ ಹೂಡತ್ತೆ ಅತ್ತೆ ಅಂತಾಳೆ. ಹೂಡ್ಲಿ. ಏನೋ ಅಭ್ಯಾಸ ಆಗ್ಬಿಟ್ಟಿದೆ. ಕಾಯಿಲೆ ಕಾಲದಲ್ಲಿ ಆಗಿದ್ದು.

ನಿಂಗೆಲ್ಲಿ ಗೊತ್ತು, ನೀನು ಇರ್ಲಿಲ್ವಲ್ಲ. ಅಯ್ಯೋ, ತಪ್ಪು ಅಂತ ಹೇಳಿದ್ದಲ್ಲ ಕಣೇ! ರೈಲಿಲ್ಲ, ಬಸ್ಸಿಲ್ಲ, ನೀನೇನು ಹಾರ್ಕೊಂಡು ಬರಕ್ಕಾಗತ್ತಾ? ನಗರಸಭೆಗೆ ಪರಿಹಾರದ ದುಡ್ಡು ಬಂತು ಅಂದಾಗ ನಾವೆಲ್ಲ, ಸರಿ, ಇನ್ನು ನುಂಗಿ ನೀರು ಕುಡೀತಾರೆ ಅಂದ್ಕೊಂಡ್ವಿ. ಇಲ್ಲ! ಸುಳ್ಳು ಹೇಳಬಾರದು, ಮಾಡಿದ್ರು. ಮುಚ್ಚಿದ್ದ ಸ್ಕೂಲಿನ ಹಾಲಲ್ಲಿ ಒಲೆ ಹೂಡಿದ್ರು. ಹೋಟೆಲು ಮುಚ್ಚಿ ಮನೇಲಿ ಕೂತಿದ್ದ ಅಡುಗೆಯವರನ್ನ ಕರೆದು ಸಂಬಳ ಕೊಟ್ರು. ಬಸ್ಸಿಲ್ಲದ ಕಂಡಕ್ಟರುಗಳ ಕೈಗೆ ಸೈಕಲ್ಲು ಕೊಟ್ಟು, ಒಂಟಿ ಮುದುಕರಿಗೆಲ್ಲ ಊಟ ಮುಟ್ಟಿಸಿ ಅಂದ್ರು. ನಮ್ಮ ಬೀದಿಗೆ ಬರ್ತಿದ್ದವನು ಡಬ್ಬಿ ಇಟ್ಟು, ದೂರ ಸರಿದು, ಸೀಟಿ ಊದೋನು. ಬಸ್ಸು ಬಿಡೋ ಸೀಟಿನೇ! ಮುದುಕರೆಲ್ಲ ಎಲ್ಲಿ ಸೀಟು ಹೋಗತ್ತೋ ಅನ್ನೋ ಹಾಗೆ ಬಾಗಿಲಿಗೆ ಓಡಿ ಬರೋರು.

ಆ ಡಬ್ಬಿಗೊಂದು ಕಟ್ಟಳೆ ಮಾಡಿದ್ರು ನೋಡು. ಕಿವಿ ಕೇಳದವರು, ಫೋನು ಬಾರದವರು ಕಷ್ಟ ಅಂತ ಹೇಗೆ ಹೇಳ್ಬೇಕು? ನಿಮ್ಮಪ್ಪನೂ ಅಷ್ಟೇ ಅಲ್ವಾ, ಫೋನೆತ್ತಿದ್ರೆ ಹಲೋ ಹಲೋ ಅನ್ನೋದೊಂದೇ. ಅದಕ್ಕೇ, ಉಂಡು ತೊಳೆದ ಡಬ್ಬಿ ಬಾಗಿಲಾಚೆ ಸ್ಟೂಲಿನ ಮೇಲೆ ಇಡಬೇಕು. ನೆಟ್ಟಗಿದ್ರೆ ಆರಾಮು. ಬೋರಲಿದ್ರೆ ಮೈ ಸರಿಯಿಲ್ಲ, ಡಾಕ್ಟರು ಬನ್ನಿ ಅಂತ. ಸುಲಭ ಅಲ್ವಾ? ಯಾವ ಪುಣ್ಯಾತ್ಮ ಯೋಚಿಸಿದ್ನೋ, ಅವನು ಜನ್ಮದಲ್ಲಿ ಪಾತ್ರೆ ತೊಳೆದೋನಲ್ಲ! ತೊಳೆದ ಪಾತ್ರೆ ಯಾರಾದ್ರೂ ನೆಟ್ಟಗಿಡ್ತಾರಾ? ನೀರಿಳೀಲಿ ಅಂತ ಬೀದಿಗೆ ಬೀದಿನೇ ಬೋರಲು ಹಾಕಿ ಕೂತ್ಕೊಂಡ್ರು. ಆಂಬುಲೆನ್ಸು ಕೂಗ್ಕೊಂಡು ಬಂತು ನೋಡು! ಮೈಯೆಲ್ಲ ಮುಚ್ಕೊಂಡ ನಾಲ್ಕು ಜನ, ಸ್ಟ್ರೆಚರು ಹಿಡ್ಕೊಂಡು, ಕೆಳಗಿನ ಮನೆ ಟೈಪಿಸ್ಟಮ್ಮನ್ನ ಹೊತ್ಕೊಂಡು ಹೋಗಕ್ಕೆ ನಿಂತ್ರೆ ಅವಳು ಪೊರಕೆ ತಗೊಂಡು ಅಟ್ಟಿಸ್ಕೊಂಡು ಬಂದ್ಲು! ನಗು, ನಗು. ನಿಮ್ಮಪ್ಪನೂ ನಕ್ಕಿದ್ರು.

ಆಮೇಲೆ ಸಿಟ್ಟು ಬಂತು ಅವರಿಗೆ. ರೈಲ್ವೆ ಸಿಗ್ನಲಲ್ಲಿ ಕೆಲಸ ಮಾಡಿದ ಮನುಷ್ಯ ಅಲ್ವಾ! ಮೆಟ್ಟಿಲ ಮೇಲೆ ನಿಂತು ಎಲ್ಲರಿಗೂ ಬೈದ್ರು. ಕೆಂಪು ದೀಪ ತೋರಿಸಿ, ಅಯ್ಯೋ ಅಭ್ಯಾಸಬಲ, ಹೋಗಪ್ಪಾ ಅಂದ್ರೆ ರೈಲು ಏನ್ರೀ ಮಾಡ್ಬೇಕು? ಸಿಗ್ನಲ್ ಅಂದ್ರೆ ಸಿಗ್ನಲ್! ಹಾಗೇ ಕೂಗಿದ್ರು. ಅವತ್ತಿಂದ ಬೀದೀಲಿ ಒಬ್ಬರೂ ತಪ್ಪು ಮಾಡ್ಲಿಲ್ಲ. ಅವರಂತೂ...

ಏನಂದೆ? ಹೌದು... ಅವರಂತೂ ತಪ್ಪೋ ಆಸಾಮಿ ಅಲ್ಲ. ಮೈ ಸರಿಯಿಲ್ದಿದ್ರೆ ಬೋರಲು ಹಾಕೇ ಹಾಕೋರು. ಅದೇ ನಾನೂ ಹೇಳೋದು! ನೆಟ್ಟಗಿತ್ತು ಅಂದ್ರೆ ಅವರಿಗೇ ಗೊತ್ತಾಗ್ಲಿಲ್ಲ, ಅಷ್ಟು ಹೇಳ್ದೆ ಕೇಳ್ದೆ ಬಂತು ಸಾವು. ಪುಣ್ಯವಂತರ ಸಾವು. ತಗೋ, ಟೀ. ಬಿಸಿ ಇದೆ, ನೋಡ್ಕೊಂಡು.

ನಮಗೆ ಡಬ್ಬಿ ಇರ್ಲಿಲ್ಲ. ಒಂಟಿ ಮುದುಕರಿಗೆ ಮಾತ್ರ ಅದು. ನಂದು ದುಡಿಯೋ ಮಗ ಇರೋ ಮನೆ ಅಲ್ವಾ! ಟ್ಯಾಕ್ಸಿ ಓಡಿಸೋ ಮಗ, ಓಡಿಸಕ್ಕೆ ರಸ್ತೆನೇ ಇಲ್ಲ. ಇದ್ದಿದ್ದನ್ನೆಲ್ಲ ಮಾರಿ ತಿಂದ್ವಿ, ಆಮೇಲೆ ನೀರು ಜಾಸ್ತಿ ಹಾಕಿ ಗಂಜಿ ಕುಡಿದ್ವಿ. ಸೊಸೆ ಮಗುಗೆ ಕೊಟ್ಟು ತಾನು ಉಂಡೆ ಅಂತ ಸುಳ್ಳು ಹೇಳೋಳು, ನಾನೂ ಹೇಳ್ತಿದ್ದೆ. ನಿಮ್ಮಪ್ಪಂಗೆ ಅದು ಹೇಗೆ ಗೊತ್ತಾಯ್ತೋ. ಒಂದಿನ ಬಾಗಿಲು ತೆಗೆದು ನನ್ನ ಮೊಮ್ಮಗಳನ್ನ ಕರೆದ್ರು. ಏ ಪಾಲುದಾರೆ, ಬಾ ಇಲ್ಲಿ, ಈ ಡಬ್ಬಿ ನಂಗೊಬ್ಬನಿಗೆ ಜಾಸ್ತಿ, ಅರ್ಧ ನಿಂದು. ಬೇಯಿಸಿದ ಮೊಟ್ಟೆ ಇದ್ರೆ ಅದು ಪೂರ್ತಿ ಅವಳಿಗೇ. ಪಾಲುದಾರೆ ಅಂತಲೇ ಹೆಸರಾಗೋಯ್ತು ಅವಳಿಗೆ. ದೇವರಂಥ ಮನುಷ್ಯ... ಅವರು ಸಾಯ್ಲಿ ಅಂತ ನಾನು ಯಾಕೆ ಅಂದ್ಕೊಳ್ಲಿ? ನೀನು ಹಾಗಂದೆ ಅಂತ ಅಲ್ಲ. ಸುಮ್ನೆ ಹೇಳ್ದೆ.

ಕೆಮ್ಮಾ? ಹೂಂ... ಕೆಮ್ತಿದ್ರು. ಹಿಂದಿನ ದಿನ. ಗೋಡೆ ಆಚೆ ಕೇಳಿಸ್ತಿತ್ತು. ಬಿಸಿನೀರು ಇಟ್ಟು ಬಾಗಿಲು ತಟ್ಟಿ ಬಂದೆ. ಬೆಳಗಾಯ್ತು. ಆವತ್ತು ಕಂಡಕ್ಟರು ಬಂದ, ಡಬ್ಬಿ ನೆಟ್ಟಗಿದೆ ಅಂತ ನೋಡ್ದ, ತಗೊಂಡ, ತುಂಬಿದ ಡಬ್ಬಿ ಇಟ್ಟ, ಸೀಟಿ ಊದ್ದ, ಹೋದ. ನಿಮ್ಮಪ್ಪ ಬಾಗಿಲು ತೆಗೀಲಿಲ್ಲ. ಮಗು ಹೊಸ್ತಿಲಲ್ಲಿ ಕೂತೇ ಇತ್ತು. ಅಜ್ಜಿ, ತಾತ ಯಾಕೆ ಪಾಲು ಮಾಡ್ಲಿಲ್ಲ? ಮಲಗಿದಾರೆ, ಎಬ್ಬಿಸ್ಬಾರದು ಅಂದೆ. ಸಂಜೆಗೆ ಕೆಮ್ಮು ನಿಂತೋಯ್ತು. ಸದ್ಯ, ಕಮ್ಮಿಯಾಯ್ತು ಅಂತ... ಸಮಾಧಾನ ಆಯ್ತು ನಂಗೆ. ಸಮಾಧಾನ! ಮಾರನೇ ದಿನ ಕಂಡಕ್ಟರು ಬಂದ್ರೆ ತುಂಬಿದ ಡಬ್ಬಿ ಹಾಗೇ ಇದೆ. ಸೀಟಿ ಊದ್ದ, ಊದ್ದ, ಉಸಿರು ಕಟ್ಟೋ ಹಾಗೆ ಊದ್ದ. ಆಮೇಲೆ ಬಾಗಿಲು ಒಡೆದ್ರು. ಡಬ್ಬೀಲಿ ಮೊಟ್ಟೆ ಇತ್ತು.

ಅಳ್ಬೇಡ. ಅಯ್ಯೋ, ಅಳ್ಬೇಡ ಕಣೇ, ನಂಗೂ...

ಇನ್ನೊಂದು ಕೇಳು. ಎರಡು ದಿನ ಬಿಟ್ಟು ಅದೇ ಕಂಡಕ್ಟರು ನಮ್ಮ ಬಾಗಿಲಿಗೇ ಡಬ್ಬಿ ತಂದ. ನಿಮ್ಮಪ್ಪಂದೇ ಡಬ್ಬಿ, ಮನೆ ನಂಬರು ಕೆತ್ತಿದೆಯಲ್ಲ. ಸಣ್ಣ ಮಕ್ಕಳಿರೋ ಮನೆಗೂ ಕೊಡಕ್ಕೆ ಹೋದ ವಾರವೇ ದುಡ್ಡು ಬಂದಿದೆ ಅಮ್ಮಾ, ನೀವು ಒಂದು ಮಾತು ಕೇಳಿದ್ರೆ ಆಗ್ಲೇ ಕೊಡ್ತಿದ್ದೆ ಅಂದ. ಹೋದ ವಾರವೇ! ಒಂದು ಮಾತು! ನಾನು ಅಲ್ಲೇ ಕುಸಿದು ಕೂತೆ. ಅವನು ಹಸಿವಿಗೆ ತಲೆ ಸುತ್ತಿದೆ ಅಂದ್ಕೊಂಡು ನೀರು ಕೊಟ್ಟ. ಅದೇ ಡಬ್ಬೀಲಿ ಉಂಡ್ವಿ, ಸ್ಕೂಲು ತೆಗೆಯೋವರೆಗೂ. ಅಗೋ, ಮೇಲಿನ ಸಾಲಲ್ಲಿದೆ. ನೆಟ್ಟಗೇ ಇದೆ. ನೀನು ಕೇಳಿದ್ಯಲ್ಲ, ತಗೊಂಡು ಹೋಗು. ಮನೇಲಿದ್ರೆ ನಿದ್ದೆ ಬರಲ್ಲ. ಸ್ಟೂಲನ್ನ ಮಗ ಯಾವತ್ತೋ ಎಸೆದ. ಆದ್ರೂ ಮಧ್ಯಾಹ್ನ ಆದ್ರೆ ಸಾಕು, ಆಚೆ ಠಣ್ ಅಂತ ಸದ್ದು. ಮೆತ್ತಗೆ, ಕೈಯಲ್ಲಿ ಬಲ ಇಲ್ಲದವರು ಇಟ್ಟ ಹಾಗೆ. ಬಾಗಿಲು ತೆಗೆದ್ರೆ ಏನೂ ಇಲ್ಲ. ನಿಂಗೆ ಕೇಳಿಸ್ತಾ ಈಗ? ಇಲ್ವಾ? ಸರಿ, ಬಿಡು.

ಲೋಟ ಇಲ್ಲೇ ಇಡು, ನಾನು ತೊಳ್ಕೋತೀನಿ. ಬೇಡ ಅಂದ್ನಲ್ಲ! ಅಪ್ಪನ ಹಾಗೇ, ಕುಡಿದ ಲೋಟ ತೊಳ್ದೇ ತೊಳೀಬೇಕು ನಿಂಗೂ... ಏ! ಏ! ಬೋರಲು ಹಾಕ್ಬೇಡ!

...ಕಿರುಚಿದ್ನಾ? ಏನಿಲ್ಲ. ಹೆದರ್ಕೋಬೇಡ. ಬೆಳಗ್ಗೆ ಬಾಗಿಲು ತೆಗೆದ ತಕ್ಷಣ ಬೋರಲು ಡಬ್ಬಿ ಕಂಡ್ರೆ ಎದೆ ಧಸಕ್ ಅನ್ನತ್ತೆ ಕಣಮ್ಮ, ಅದಕ್ಕೇ... ಲೋಟ ಅಂದೆ ನಾನು. ಬೋರಲು ಲೋಟ ಕಂಡ್ರೆ.

ಯಾಕೆ ಹಾಗೆ ನೋಡ್ತೀಯ? ಲೋಟ ನೋಡ್ತೀಯ, ನನ್ನ ಮುಖ ನೋಡ್ತೀಯ. ಕಂಡಕ್ಟರು ಬಂದಾಗ ನೆಟ್ಟಗೇ ಇತ್ತು, ಸುಳ್ಳಲ್ಲ. ಅವನು ಬಂದಾಗ... ನೀರಿಳೀಲಿ ಅಂತ ಹಾಗೆ ಇಟ್ಟಿರ್ತಾರೆ ಅಂದ್ಕೊಂಡೆ. ಇಲ್ಲ. ಹಾಗಂದ್ಕೊಳ್ಲಿಲ್ಲ ನಾನು. ಅವರು ಹಾಗೆ ಇಡೋರಲ್ಲ ಅಂತ ನಂಗೆ ಗೊತ್ತಿತ್ತು. ಅವರನ್ನ ಕರ್ಕೊಂಡು ಹೋಗ್ತಾರೆ, ಡಬ್ಬಿ ನಿಂತೋಗತ್ತೆ... ಮಗು ಆಗ್ಲೇ ಬಟ್ಟಲು ಹಿಡ್ಕೊಂಡು ಕೂತಿತ್ತಮ್ಮಾ. ಇವತ್ತೊಂದು ದಿನ, ಇವತ್ತೊಂದೇ ದಿನ, ನಾಳೆ ಬೆಳಗ್ಗೆ ನಾನೇ ಹೋಗಿ...

ಬೈಯಿ. ಬೈಯ್ಯೇ! ಹೊಡಿ ಬೇಕಾದ್ರೆ.

ಹೊರಟ್ಯಾ? ಡಬ್ಬಿ... ಹೂಂ, ತಗೊಂಡ್ಯಾ. ಮುಚ್ಚಳ ಬಿಗಿಯಾಗಿದೆ ನೋಡು, ಜಾರಲ್ಲ. ಮೆಟ್ಟಿಲು ಹುಷಾರು.

ಆ ಲೋಟ... ಹಾಗೇ ಬಿಟ್ಟು ಹೋಗ್ತಿದೀಯಾ? ಇರ್ಲಿ. ಬೋರಲೇ ಇರ್ಲಿ. ಈ ಸಲ ನಾನು ಮುಟ್ಟಲ್ಲ.