ವಿಡಿಯೋದಲ್ಲಿ ಇಲ್ಲದ ತುಂಡು

ಕಣ್ಣಾಸ್ಪತ್ರೆಯ ಬೆಂಚಿನಲ್ಲಿ ನನ್ನ ಪಕ್ಕ ಅಪ್ಪ, ಮಗಳು. ಅಪ್ಪನ ಎರಡೂ ಕಣ್ಣಿಗೆ ಪಟ್ಟಿ. ತಾನೇ ಓಡುವ ಕಾರನ್ನು ಕಂಪನಿಯವರು ಹೆದ್ದಾರಿಯಲ್ಲಿ ಓಡಿಸಿ ತೋರಿಸಿದ ವಿಡಿಯೋವನ್ನು ಮಗಳು ಮೊಬೈಲಿನಲ್ಲಿ ನೋಡಿ ವಿವರಿಸುತ್ತಿದ್ದಳು. ಡ್ರೈವರ್ ಸೀಟಿನಲ್ಲಿದ್ದವಳು ಅವಳೇ.

“ನಲವತ್ತು ಕಿಲೋಮೀಟರೂ ಕೈ ತೊಡೆ ಮೇಲೇ ಇತ್ತಪ್ಪ.”

“ನೀನೇನೂ ಮುಟ್ಲೇ ಇಲ್ವಾ?”

“ವಿಡಿಯೋದಲ್ಲಿ ಮುಟ್ಟಿಲ್ಲ.”

“ಮೂವತ್ತು ವರ್ಷ ಬಸ್ ಓಡಿಸ್ದೋನು ನಾನು. ನಿಜ ಹೇಳು.”

“ಒಂದು ನಾಯಿ ಅಡ್ಡ ಬಂತು. ಕಾರು ತಾನೇ ನಿಲ್ತಿತ್ತು ಅಂತಾರೆ. ನನಗೆ ಕಾಯೋಕಾಗ್ಲಿಲ್ಲ, ಬ್ರೇಕ್ ಒತ್ತಿಬಿಟ್ಟೆ.”

“ಬೈದ್ರಾ?”

“ಇಲ್ಲ, ಆ ತುಂಡು ಕತ್ತರಿಸಿಬಿಟ್ರು. ನನ್ನ ಹತ್ರ ಇದೆ.”

“ಕಾರು ನಿಲ್ತಿತ್ತಾ?”

“ಗೊತ್ತಿಲ್ಲಪ್ಪ.”

“ನಾಯಿ?”

“ತಿರುಗಿನೂ ನೋಡದೆ ಹೋಯ್ತು.”

ಪಟ್ಟಿ ಬಿಚ್ಚಲು ನರ್ಸ್ ಕರೆದರು. ಮಗಳ ತೋಳು ಹಿಡಿದು ಎದ್ದ ಅಪ್ಪ, ಹೋಗುತ್ತಲೇ ಹೇಳಿದರು:

“ಕಣ್ಣು ಬಿಟ್ಟ ತಕ್ಷಣ ಮೊದ್ಲು ಆ ತುಂಡು ತೋರ್ಸು.”